ಮರಿಯ ತೂಕ ತಾಯಿಯ ಗೋದಲಿಯಲ್ಲಿ

ಸಂತೆಯಲ್ಲಿ ವ್ಯಾಪಾರಿ ಮೊದಲು ಮರಿಯ ಸೊಂಟ ಒತ್ತಿ ನೋಡುತ್ತಾನೆ. ಆಮೇಲೆ ಎರಡೂ ಕೈಯಿಂದ ಎತ್ತಿ, ತೂಕ ಅಂದಾಜು ಮಾಡಿ ಬೆಲೆ ಹೇಳುತ್ತಾನೆ. ಒಂದೇ ಹಿಂಡಿನ, ಒಂದೇ ಟಗರಿಗೆ ಹುಟ್ಟಿದ, ಮೂರು ತಿಂಗಳ ಎರಡು ಮರಿಗಳಲ್ಲಿ ಒಂದು 14 ಕಿಲೊ ತೂಗಿದರೆ ಇನ್ನೊಂದು 10 ಕಿಲೊ ದಾಟಿರುವುದಿಲ್ಲ. ಸಾಕಿದವರು ಅದನ್ನು ತಳಿಯ ಲೆಕ್ಕಕ್ಕೋ ದೈವದ ಲೆಕ್ಕಕ್ಕೋ ಹಾಕಿ ಸುಮ್ಮನಾಗುತ್ತಾರೆ. ಇಲ್ಲವೇ ಸಣ್ಣ ಮರಿಗೆ ನಾಲ್ಕು ದಿನ ಹೆಚ್ಚು ಹಿಂಡಿ ಹಾಕಿ ಮೈ ತುಂಬಿಸಲು ನೋಡುತ್ತಾರೆ. ಆ ನಾಲ್ಕು ಕಿಲೊ ತಪ್ಪಿಹೋದದ್ದು ಬಹುಮಟ್ಟಿಗೆ ಮರಿ ಹುಟ್ಟುವ ಮೊದಲಿನ ಆರು ವಾರ, ಹುಟ್ಟಿದ ಮೇಲಿನ ಆರು ವಾರಗಳಲ್ಲಿ. ಆಗ ಮೇವು ಸಲ್ಲಬೇಕಾಗಿದ್ದದ್ದು ಅದರ ತಾಯಿಗೆ.

ಈ ಮಾತು ಎಲ್ಲ ಕಡೆಯ ಕುರಿಗೂ ಸಲ್ಲುತ್ತದೆ. ಹನ್ನೂರಿನಂಥ ಊರುಗಳಲ್ಲಿ ಮಾತ್ರ ಇದಕ್ಕೆ ಹೆಚ್ಚಿನ ಜರೂರಿದೆ. ಹನ್ನೂರ ಇರುವುದು ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟ ತಾಲ್ಲೂಕಿನಲ್ಲಿ. ಗಡಿ ದಾಟಿದರೆ ಆಳಂದ, ಅಫಜಲಪುರ, ಇಂಡಿ. ಮೈಂದರಗಿ, ದುಧನಿ, ನಾಗಣಸೂರ, ಕರಜಗಿಗಳ ಈ ಸೀಮೆಯಲ್ಲಿ ಮನೆಮಾತು ಕನ್ನಡ, ಕಚೇರಿಯ ಕಾಗದ ಮರಾಠಿ. ವರ್ಷದ ಮಳೆ ಸರಾಸರಿ 550 ಮಿಲಿಮೀಟರ್ ಆಸುಪಾಸು; ಅದರಲ್ಲೂ ರೈತ ನೆಚ್ಚಿಕೊಳ್ಳುವುದು ಸೆಪ್ಟೆಂಬರಿನ ಮಳೆಯನ್ನು. ಎರೆ ಹೊಲ, ಹಿಂಗಾರಿ ಜೋಳ. ಹೆಸರುವಾಸಿ ಮಾಲದಂಡಿ ಜೋಳವನ್ನು ಆಯ್ದು ಬೆಳೆಸಿದ್ದೇ ಈ ಜಿಲ್ಲೆಯ ಮೋಹೋಳದಲ್ಲಿ. ಆ ಜೋಳದ ಕಣಕಿ ತಿಂದು, ಕುಯಿಲಾದ ಹೊಲದಲ್ಲಿ ರಾತ್ರಿ ತಂಗಿ, ಗೊಬ್ಬರ ಬಿಟ್ಟು ಹೋಗುವುದು ದಖನಿ ಕುರಿ. ಕಪ್ಪು ಮೈ, ಕಂಬಳಿಗೆ ಒದಗುವ ಒರಟು ಉಣ್ಣೆ. ಮಹಾರಾಷ್ಟ್ರದಲ್ಲಿ ಇದರ ಒಳತಳಿಗಳನ್ನು ಲೋಣಂದ, ಸಂಗಮನೇರಿ, ಸೋಲಾಪುರಿ, ಕೊಲ್ಹಾಪುರಿ ಎಂದು ಗುರುತಿಸುತ್ತಾರೆ. ತಾಯಿ ಕುರಿ 30 ಕಿಲೊ ಆಸುಪಾಸು ತೂಗುತ್ತದೆ, ಮರಿ ಹುಟ್ಟುವಾಗ ಎರಡೂವರೆಯಿಂದ ಮೂರು ಕಿಲೊ. ಬರಕ್ಕೆ ಒಗ್ಗಿದ ಪ್ರಾಣಿ ಇದು. ಒಗ್ಗಿದೆ ಎಂದ ಮಾತ್ರಕ್ಕೆ ಅದಕ್ಕೆ ಎಷ್ಟು ಹಾಕಿದರೂ ನಡೆಯುತ್ತದೆ ಎಂದುಕೊಂಡದ್ದರಿಂದ ಮರಿಗಳು ಸೊರಗುತ್ತಿವೆ.

ಮುಂಗಾರಿನ ಮೊದಲ ಮಳೆಗೆ ಹುಲ್ಲು ಚಿಗುರುತ್ತದೆ. ಬೇಸಿಗೆಯಲ್ಲಿ ಬಡಕಲಾಗಿದ್ದ ಕುರಿಗಳು ಮೈ ಹಿಡಿದು ಬೆದೆಗೆ ಬರುತ್ತವೆ. ಟಗರು ಕೂಡಿಸುವ ಎರಡು ಮೂರು ವಾರ ಮೊದಲು ಕುರಿಗೆ ಒಳ್ಳೆಯ ಮೇವು ಕೊಡಿ, ಆಗ ಹೆಚ್ಚು ಕುರಿಗಳು ಗಬ್ಬ ಕಟ್ಟುತ್ತವೆ ಎಂದು ಪಶುವೈದ್ಯರು ಹೇಳುತ್ತಾರಲ್ಲ, ಇಲ್ಲಿ ಆ ಕೆಲಸವನ್ನು ಮಳೆಯೇ ಮಾಡಿಕೊಡುತ್ತದೆ. ಕುರಿಯ ಗಬ್ಬದ ಕಾಲ 147ರಿಂದ 150 ದಿನ. ಜೂನ್ 20ರ ಹೊತ್ತಿಗೆ ಗಬ್ಬ ಕಟ್ಟಿದ್ದು ನವೆಂಬರ್ ನಡುವಿನಲ್ಲಿ ಈಯುತ್ತದೆ. ಹಿಂದಕ್ಕೆ ಎಣಿಸಿದರೆ ಗಬ್ಬದ ಕೊನೆಯ ಆರು ವಾರ ಬೀಳುವುದು ಅಕ್ಟೋಬರಿನಲ್ಲಿ, ಸುಮಾರಾಗಿ ನವರಾತ್ರಿಯಿಂದ ದೀಪಾವಳಿಯವರೆಗೆ. ಹಿಂಡಿನಲ್ಲಿ ಒಂದಿಷ್ಟು ಹಿಂದೆ ಮುಂದೆ ಆಗುತ್ತವೆ, ಬೇಸಿಗೆಯಲ್ಲಿ ಈಯುವವೂ ಇರುತ್ತವೆ. ದೊಡ್ಡ ಪಾಲು ಮಾತ್ರ ಈ ಲೆಕ್ಕಕ್ಕೇ ಬರುತ್ತದೆ.

ಅದೇ ಅಕ್ಟೋಬರಿನಲ್ಲಿ ಹೊಲದ ಬಾಗಿಲು ಮುಚ್ಚುತ್ತದೆ. ಹಿಂಗಾರಿಗೆಂದು ಮಳೆಗಾಲವಿಡೀ ಖಾಲಿ ಬಿಟ್ಟಿದ್ದ ಎರೆಯಲ್ಲಿ ಹುಲ್ಲು, ಕಳೆ ಮೇಯ್ದುಕೊಂಡಿದ್ದ ಹಿಂಡಿಗೆ ಜೋಳ ಬಿತ್ತಿದ ಮೇಲೆ ಕಾಲಿಡಲು ಜಾಗವಿಲ್ಲ. ತೊಗರಿ ಇನ್ನೂ ಹೊಲದಲ್ಲೇ ನಿಂತಿದೆ. ಕಾಲುವೆ, ಬೋರು ಬಂದು ಕಬ್ಬು ಹಬ್ಬಿದ ಕಡೆ ಖಾಲಿ ಹೊಲ ಎಂಬುದೇ ಇಲ್ಲ. ಉಳಿಯುವುದು ಬದು, ಹಳ್ಳದ ದಂಡೆ, ರಸ್ತೆಯ ಅಂಚು ಮತ್ತು ವರ್ಷದಿಂದ ವರ್ಷಕ್ಕೆ ಕಿರಿದಾಗುತ್ತಿರುವ ಗಾಯರಾಣ, ಅಂದರೆ ಊರ ಗೋಮಾಳ. ಅಲ್ಲಿನ ಹುಲ್ಲು ಆಗಲೇ ತೆನೆಗಟ್ಟಿ ಒಣಗುತ್ತಿರುತ್ತದೆ. ಅಂದರೆ ತಾಯಿಯ ಹಸಿವು ಏರುವ ವಾರಗಳಲ್ಲೇ ಮೇವು ಇಳಿಯುತ್ತದೆ. ದೀಪಾವಳಿ ಅಮಾವಾಸ್ಯೆಗೆ ಮಂಗಳವೇಢೆ ತಾಲ್ಲೂಕಿನ ಹುಲಜಂತಿಯಲ್ಲಿ ಮಹಾಲಿಂಗರಾಯನ ಜಾತ್ರೆ; ಕನ್ನಡದ ಕುರುಬರೂ ಮರಾಠಿಯ ಧನಗರರೂ ಡೊಳ್ಳು ಹೊತ್ತು ಬಂದು ಸೇರುತ್ತಾರೆ. ಆ ಹೊತ್ತಿಗೆ ಹಟ್ಟಿಯಲ್ಲಿ ಉಳಿದ ಕುರಿಗಳ ಹೊಟ್ಟೆ ದೊಡ್ಡದಾಗಿ ಕಾಣುತ್ತದೆ. ಅದನ್ನು ಕಂಡು, ಕುರಿ ಮೈ ಹಿಡಿದಿದೆ ಎಂದು ಮೋಸ ಹೋಗುವುದು ಸುಲಭ.

ಹೊಟ್ಟೆಯ ಒಳಗೆ ನಡೆಯುವುದೇ ಬೇರೆ. ಗಬ್ಬದ ಮೊದಲ ಮೂರೂವರೆ ತಿಂಗಳು ಮರಿ ಹೆಚ್ಚು ತೂಗುವುದಿಲ್ಲ. ನೂರನೆಯ ದಿನಕ್ಕೂ ಅದು ಹುಟ್ಟುವಾಗಿನ ತೂಕದ ಮೂರನೇ ಒಂದು ಪಾಲನ್ನು ಮುಟ್ಟಿರುವುದಿಲ್ಲ. ಉಳಿದ ಎರಡು ಪಾಲಿಗೂ ಮಿಕ್ಕ ತೂಕವನ್ನು ಮರಿ ಕೂಡಿಸಿಕೊಳ್ಳುವುದು ಕೊನೆಯ ಆರು ಏಳು ವಾರಗಳಲ್ಲಿ. ಹಾಗೆಂದು ಮೊದಲಿನ ತಿಂಗಳುಗಳನ್ನು ಕೈಬಿಡುವಂತಿಲ್ಲ. ಮರಿಗೆ ಊಟ ಸಾಗಿಸುವ ಮಾಸು ಬೆಳೆದು ಮುಗಿಯುವುದು ಸುಮಾರು 90 ದಿನದೊಳಗೆ. ಆಗ ತಾಯಿ ತೀರ ಬಡವಾಗಿದ್ದರೆ ಮಾಸು ಸಣ್ಣದಾಗಿ, ಮುಂದೆ ಎಷ್ಟು ಹಾಕಿದರೂ ಮರಿಗೆ ತಲುಪುವುದು ಕಡಿಮೆ. ಮಾಂಸದ ಎಳೆಗಳ ಸಂಖ್ಯೆಯೂ ಹುಟ್ಟುವ ಮೊದಲೇ ತೀರ್ಮಾನವಾಗುತ್ತದೆ. ಹುಟ್ಟಿದ ಮೇಲೆ ಆ ಎಳೆಗಳು ದಪ್ಪವಾಗುತ್ತವೆ, ಹೊಸವು ಹುಟ್ಟುವುದಿಲ್ಲ. ಸಣ್ಣಗೆ ಹುಟ್ಟಿದ ಮರಿಗೆ ಸಂತೆಯ ಮುಂದಿನ ನಾಲ್ಕು ದಿನ ಹಿಂಡಿ ಸುರಿದರೂ ಅದು ಜೊತೆಯ ಮರಿಯನ್ನು ಹಿಡಿಯಲಾರದ್ದಕ್ಕೆ ಇದು ದೊಡ್ಡ ಕಾರಣ.

ಇನ್ನೊಂದು ತೊಡಕನ್ನು ಕುರಿಗಾರರು ಕಣ್ಣಾರೆ ಕಾಣುತ್ತಾರೆ: ಗಬ್ಬ ತುಂಬಿದ ಕುರಿ ಮೊದಲಿನಷ್ಟು ಮೇಯುವುದಿಲ್ಲ. ಬೆಳೆದ ಮರಿ, ನೀರು, ಮಾಸು ಎಲ್ಲ ಸೇರಿ ಮೆಲುಕುಚೀಲವನ್ನು ಒತ್ತುತ್ತವೆ. ಬೇಕಾದದ್ದು ಹೆಚ್ಚಾಗಿದೆ, ಹಿಡಿಸುವುದು ಕಡಿಮೆಯಾಗಿದೆ. ಆಗ ಜೋಳದ ಕಣಕಿಯನ್ನು ಎಷ್ಟು ಹಾಕಿದರೂ ಪ್ರಯೋಜನ ಅಷ್ಟಕ್ಕಷ್ಟೇ. ಕಣಕಿಯಲ್ಲಿ ಸಸಾರಜನಕ ನೂರಕ್ಕೆ ನಾಲ್ಕರ ಆಸುಪಾಸು, ಉಳಿದದ್ದು ಬಹುಪಾಲು ನಾರು. ಹೊಟ್ಟೆಯಲ್ಲಿ ಜಾಗ ಹಿಡಿದು ಕೂರುತ್ತದೆ. ಈ ವಾರಗಳಲ್ಲಿ ತಾಯಿಗೆ ಬೇಕಾದದ್ದು ಕಡಿಮೆ ಜಾಗದಲ್ಲಿ ಹೆಚ್ಚು ಕಸುವಿರುವ ಮೇವು: ಶೇಂಗಾ ಹಿಂಡಿ, ನುಚ್ಚು, ತೊಗರಿ ಚುನ್ನಿ, ಒಳ್ಳೆಯ ಹೊಟ್ಟು. ಅದರ ಮೇಲೆ ದಿನಕ್ಕೆ ಹತ್ತಾರು ಕಿಲೊಮೀಟರ್ ನಡಿಗೆ ಬೇರೆ. ನಡಿಗೆಗೆ ಖರ್ಚಾಗುವ ಕಸುವನ್ನೂ ತಾಯಿ ಅದೇ ಮೇವಿನಿಂದಲೇ ತೆಗೆಯಬೇಕು.

ಇದನ್ನು ಮೊದಲು ತಕ್ಕಡಿಯಲ್ಲಿಟ್ಟು ತೋರಿಸಿದವರಲ್ಲಿ ನ್ಯೂಜಿಲೆಂಡಿನ ಎಲ್. ಆರ್. ವಾಲೇಸ್ ಒಬ್ಬರು. ಕೇಂಬ್ರಿಜ್‌ನಲ್ಲಿ ಅವರು ಮಾಡಿದ ಪ್ರಯೋಗಗಳು 1948ರಲ್ಲಿ ಪ್ರಕಟವಾದವು. ಗಬ್ಬದ ಕೊನೆಯ ವಾರಗಳಲ್ಲಿ ಒಂದು ಗುಂಪಿಗೆ ಹೊಟ್ಟೆ ತುಂಬ, ಇನ್ನೊಂದಕ್ಕೆ ಅರೆಹೊಟ್ಟೆ. ಅರೆಹೊಟ್ಟೆಯ ತಾಯಂದಿರ ಮರಿಗಳು ಹಗುರವಾಗಿ ಹುಟ್ಟಿದವು, ಅವಳಿಗಳಂತೂ ಇನ್ನೂ ಹಗುರ. ಅಷ್ಟಕ್ಕೇ ನಿಲ್ಲಲಿಲ್ಲ. ಆ ತಾಯಂದಿರ ಕೆಚ್ಚಲೂ ಸಣ್ಣದಾಗಿತ್ತು, ಈದ ಮೇಲೆ ಹಾಲೂ ಕಡಿಮೆ ಬಂತು. ನನಗೆ ಈ ಎರಡನೆಯ ಸಂಗತಿಯೇ ಮುಖ್ಯ ಎನಿಸುತ್ತದೆ. ಕೆಚ್ಚಲು ಕಟ್ಟುವುದು ಗಬ್ಬದ ಕೊನೆಯಲ್ಲಿ. ಆಗ ಉಪವಾಸ ಕೆಡವಿದ ಕುರಿಗೆ ಈದ ಮೇಲೆ ಎಷ್ಟೇ ಹಾಕಿದರೂ ಮರಿಗೆ ಸಿಗಬೇಕಾದಷ್ಟು ಹಾಲು ಪೂರ್ತಿಯಾಗಿ ತಿರುಗಿ ಬರುವುದಿಲ್ಲ. ಒಂದು ಹಸಿವಿಗೆ ಮರಿ ಎರಡು ಸಲ ಬೆಲೆ ತೆರುತ್ತದೆ.

ಹುಟ್ಟಿದ ಮೊದಲ ರಾತ್ರಿ ಎಲ್ಲಕ್ಕಿಂತ ಕಠಿಣವಾದದ್ದು. ನವೆಂಬರ್, ಡಿಸೆಂಬರಿನ ಬಯಲು ಚಳಿಯಲ್ಲಿ ಒದ್ದೆ ಮೈಯ ಮರಿ ನೆಲಕ್ಕೆ ಬೀಳುತ್ತದೆ. ಅದರ ಮೈಯಲ್ಲಿ, ಹೆಚ್ಚಾಗಿ ಮೂತ್ರಪಿಂಡದ ಸುತ್ತ, ಕಂದು ಬಣ್ಣದ ಕೊಬ್ಬು ಸ್ವಲ್ಪ ಇರುತ್ತದೆ. ಅದನ್ನು ಸುಟ್ಟುಕೊಂಡು ಮರಿ ಮೊದಲ ಗಂಟೆಗಳಲ್ಲಿ ಬಿಸಿ ಉಳಿಸಿಕೊಳ್ಳುತ್ತದೆ. ಆ ಕೊಬ್ಬು ಬರುವುದೂ ಗಬ್ಬದ ಕೊನೆಯ ಮೇವಿನಿಂದ. ಅದು ತೀರುವ ಮೊದಲು ಗಿಣ್ಣುಹಾಲು ಹೊಟ್ಟೆಗೆ ಬಿದ್ದಿರಬೇಕು. ಮನುಷ್ಯರ ಮಗು ರೋಗ ತಡೆಯುವ ಶಕ್ತಿಯ ಒಂದು ಪಾಲನ್ನು ಬಸಿರಲ್ಲೇ ಪಡೆದು ಬರುತ್ತದೆ. ಕುರಿಮರಿಗೆ ಮಾಸಿನ ಮೂಲಕ ಅದು ದಾಟುವುದಿಲ್ಲ, ಇರುವುದೆಲ್ಲ ಗಿಣ್ಣಿನಲ್ಲಿ. ಅದನ್ನು ಹೀರಿಕೊಳ್ಳುವ ಕರುಳಿನ ದಾರಿ ಒಂದು ದಿನ ಕಳೆಯುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಮೊದಲ ಆರು ಗಂಟೆಯೊಳಗೆ ಕಿಲೊ ತೂಕಕ್ಕೆ 50 ಮಿಲಿಲೀಟರ್, ಮೊದಲ ದಿನದಲ್ಲಿ ಒಟ್ಟು ಕಿಲೊಗೆ 200 ಮಿಲಿಲೀಟರ್ ಎಂಬುದು ಒಪ್ಪಿತ ಲೆಕ್ಕ. ಎರಡೂವರೆ ಕಿಲೊ ಮರಿಗೆ ಅದು ಅರ್ಧ ಲೀಟರ್. ಹಸಿದ ತಾಯಿಯ ಗಿಣ್ಣು ಕಡಿಮೆ, ಬರುವುದು ತಡ, ಅಂಟಂಟು. ಸೋತ ಮರಿಗೆ ಎಳೆದು ಕುಡಿಯಲಾಗುವುದಿಲ್ಲ. ಕೆಲವು ಸಲ ತಾಯಿಯೂ ಮರಿಯನ್ನು ನೆಕ್ಕದೆ ಎದ್ದು ಹೋಗುತ್ತದೆ. ತಾಯಿತನವಿಲ್ಲದ ಕುರಿ ಎಂದು ಅದನ್ನು ಬಯ್ಯುವ ಮೊದಲು ಅದರ ಹಿಂದಿನ ಆರು ವಾರವನ್ನು ನೆನೆಯಬೇಕು. ಕರುಳು ಬೇನೆಯ ಲಸಿಕೆಯನ್ನೂ ಈಯುವ ಎರಡರಿಂದ ನಾಲ್ಕು ವಾರ ಮೊದಲು ತಾಯಿಗೆ ಹಾಕಿಸುವುದು ಇದೇ ಕಾರಣಕ್ಕೆ: ಗಿಣ್ಣಿನ ಜೊತೆ ಆ ರಕ್ಷಣೆಯೂ ಮರಿಗೆ ಇಳಿಯುತ್ತದೆ.

ನಮ್ಮ ಕಡೆ ಬಸುರಿ ಹೆಂಗಸಿಗೆ ಕುಬಸ ಮಾಡಿ, ಬಯಸಿದ್ದನ್ನು ಉಣಿಸಿ, ಹೆತ್ತ ಮೇಲೆ ಅಂಟಿನುಂಡಿ, ಖಾರೀಕು, ಕೊಬ್ಬರಿ ಕೊಟ್ಟು ಬಾಣಂತನ ಮಾಡುತ್ತಾರೆ. ಅದೇ ಮನೆಯ ಹಟ್ಟಿಯಲ್ಲಿ ಈದ ಕುರಿ ಮರುದಿನವೇ ಹಿಂಡಿನ ಜೊತೆ ಹೊರಡುತ್ತದೆ. ಮರಿಗಳು ಬುಟ್ಟಿಯಡಿ, ದೊಡ್ಡಿಯಲ್ಲಿ ಉಳಿಯುತ್ತವೆ. ಬೆಳಿಗ್ಗೆ, ಸಂಜೆ ತಾಯಿ ಬಂದಾಗ ಮೊಲೆ. ಅವುಗಳ ಸುತ್ತ ದಿನವಿಡೀ ಇರುವವರು ಮನೆಯ ಹೆಂಗಸರು, ಮುದುಕರು. ಯಾವ ಮರಿಯ ಹೊಟ್ಟೆ ಹಿಂಗಿದೆ, ಯಾವ ತಾಯಿಯ ಒಂದು ಮೊಲೆ ಬತ್ತಿದೆ ಎಂಬುದು ಅವರಿಗೆ ಗೊತ್ತು. ಮೇವಿನ ಹಂಚಿಕೆಯಲ್ಲಿ ಅವರ ಮಾತು ನಡೆದರೆ ಅರ್ಧ ಕೆಲಸ ಆದಂತೆ ಎಂದು ನನ್ನ ನಂಬಿಕೆ.

ಮೊದಲ ಮೂರು ನಾಲ್ಕು ವಾರ ಮರಿಗೆ ಹಾಲೇ ಎಲ್ಲ. ಒಂದು ಕಿಲೊ ಮೈ ಬೆಳೆಯಲು ಸುಮಾರು ಐದು ಲೀಟರ್ ಹಾಲು ಬೇಕು. ಕುರಿಯ ಹಾಲು ಏರುವುದು ಈದ ಮೂರನೇ ನಾಲ್ಕನೇ ವಾರಕ್ಕೆ, ಆಮೇಲೆ ಇಳಿಮುಖ, ಮೂರನೇ ತಿಂಗಳಿಗೆ ತೀರ ಕಡಿಮೆ. ಹಾಲು ಏರುವ ಹೊತ್ತಿನಲ್ಲಿ ತಾಯಿ ತಿಂದದ್ದಕ್ಕಿಂತ ಹೆಚ್ಚು ಕೊಡುತ್ತದೆ, ತನ್ನ ಮೈಯ ಕೊಬ್ಬು ಕರಗಿಸಿ ಕೊಡುತ್ತದೆ. ಕರಗಿಸಲು ಕೊಬ್ಬೇ ಇಲ್ಲದಿದ್ದರೆ ಹಾಲೂ ಇಲ್ಲ. ನೀರಿನ ಮಾತನ್ನೂ ಇಲ್ಲೇ ಹೇಳಬೇಕು. ಒಣ ಹೊಟ್ಟು ತಿಂದು ಹಾಲು ಕೊಡುವ ಕುರಿಯನ್ನು ದಿನಕ್ಕೊಮ್ಮೆ ಹಳ್ಳಕ್ಕೆ ಬಿಟ್ಟರೆ ಸಾಲದು. ಚಹಕ್ಕೆಂದು ಒಂದು ಲೋಟ ಹಾಲು ಹಿಂಡಿಕೊಳ್ಳುವ ಮನೆಗಳಲ್ಲಿ ಆ ಲೋಟ ಕಡಿಮೆಯಾದದ್ದು ಮರಿಯ ಪಾಲಿನಿಂದ; ಮೊದಲ ತಿಂಗಳಾದರೂ ಅದನ್ನು ಬಿಡುವುದು ಒಳ್ಳೆಯದು. ಎರಡು ವಾರ ತುಂಬಿದ ಮೇಲೆ ಮರಿ ಎಲೆ, ಹೊಟ್ಟು ಕಡಿಯಲು ಕಲಿಯುತ್ತದೆ. ಬೇವು, ಬನ್ನಿ, ಸುಬಾಬುಲ್ ಸೊಪ್ಪಿನ ಕಟ್ಟು ತೂಗುಹಾಕಿದರೆ ಅದರ ಮೆಲುಕುಚೀಲ ಬೇಗ ತಯಾರಾಗುತ್ತದೆ.

ಮೇವು ಎಷ್ಟು? ಹೊರಗೆ ಮೇಯ್ದು ಬಂದ ಮೇಲೆ, ಗಬ್ಬದ ಕೊನೆಯ ಆರು ವಾರ ದಿನಕ್ಕೆ 250 ಗ್ರಾಂ, ಈದ ಮೇಲೆ ಎರಡು ತಿಂಗಳು 350 ಗ್ರಾಂ ಕಾಳು-ಹಿಂಡಿಯ ಮಿಶ್ರಣ ದಖನಿ ಕುರಿಗೆ ಸಾಧಾರಣವಾಗಿ ಸಾಕು. ಅರ್ಧದಷ್ಟು ಜೋಳ ಅಥವಾ ಗೋವಿನಜೋಳದ ನುಚ್ಚು, ಕಾಲು ಭಾಗ ಶೇಂಗಾ ಹಿಂಡಿ, ಉಳಿದದ್ದು ತೊಗರಿ ಚುನ್ನಿ ಇಲ್ಲವೇ ಬೂಸಾ, ಮೇಲೆ ಚಿಟಿಕೆ ಉಪ್ಪು, ಖನಿಜ ಮಿಶ್ರಣ. ಒಂದು ಕುರಿಗೆ ಎರಡೂ ಸೇರಿ 32 ಕಿಲೊ ಆಗುತ್ತದೆ. ಹತ್ತು ಕುರಿಗೆ ಮೂರು ಕ್ವಿಂಟಲ್ ಮೇಲೆ. ಬಡವರ ಮನೆಗೆ ಇದು ಸಣ್ಣ ಮೊತ್ತವಲ್ಲ, ನನಗೆ ಗೊತ್ತು. ಅದಕ್ಕೇ ಎಲ್ಲ ಕುರಿಗೂ ಒಂದೇ ಅಳತೆ ಬೇಡ ಎನ್ನುವುದು. ಕೊನೆಯ ಪಕ್ಕೆಲುಬಿನ ಹಿಂದೆ, ಸೊಂಟದ ಮೇಲೆ ಬೆರಳಿಟ್ಟು ಒತ್ತಿ ನೋಡಬೇಕು. ವ್ಯಾಪಾರಿ ಮರಿಯನ್ನು ನೋಡುವ ಹಾಗೆಯೇ. ಬೆನ್ನೆಲುಬಿನ ಮುಳ್ಳುಗಳು ಚೂಪಾಗಿ ಕೈಗೆ ಚುಚ್ಚಿದರೆ ಒಂದು, ಎಲುಬೇ ಸಿಗದಷ್ಟು ಕೊಬ್ಬಿದ್ದರೆ ಐದು, ದುಂಡಗೆ ತಾಗಿ ಒತ್ತಿದಾಗ ಮಾತ್ರ ಸಿಕ್ಕರೆ ಮೂರು. ಆಸ್ಟ್ರೇಲಿಯಾದಲ್ಲಿ 1960ರ ದಶಕದಲ್ಲಿ ರೂಢಿಗೆ ಬಂದ ಈ ಅಳತೆಗೆ ಯಂತ್ರ ಬೇಡ, ಕಾಸು ಬೇಡ. ಈಯುವಾಗ ಕುರಿ ಮೂರರ ಹತ್ತಿರ ಇರಬೇಕು. ನವರಾತ್ರಿಗೆ ಒಮ್ಮೆ ಹಿಂಡನ್ನೆಲ್ಲ ಮುಟ್ಟಿ ನೋಡಿ, ಎರಡಕ್ಕಿಂತ ಕೆಳಗಿನವು, ಅವಳಿ ಹೊತ್ತಂತೆ ಕಾಣುವವು, ಚೊಚ್ಚಲ ಕುರಿಗಳು, ಇಷ್ಟನ್ನು ಬೇರೆ ಮಾಡಿ ಹಾಕಿದರೆ ಮೂರು ಕ್ವಿಂಟಲ್ ಕಾಳು ಒಂದೂವರೆಗೆ ಇಳಿಯಬಹುದು.

ಹೊಟ್ಟಿನ ಲೆಕ್ಕ ಇನ್ನೂ ಸುಲಭ. ಈ ಸೀಮೆಯಲ್ಲಿ ಉದ್ದು, ಹೆಸರು ಸೆಪ್ಟೆಂಬರಿನಲ್ಲಿ, ಸೋಯಾ, ಶೇಂಗಾ ಅಕ್ಟೋಬರಿನಲ್ಲಿ ಕಣಕ್ಕೆ ಬರುತ್ತವೆ. ಗಬ್ಬದ ಕೊನೆಗೆ ಬೇಕಾದ ಹೊಟ್ಟು, ಬಳ್ಳಿ ಅದೇ ಹೊತ್ತಿಗೆ ಕಾಲಡಿಯಲ್ಲಿ ಬಿದ್ದಿರುತ್ತದೆ. ತೊಗರಿ ಹೊಟ್ಟು ಡಿಸೆಂಬರ್, ಜನವರಿಗೆ, ಕಡಲೆ ಹೊಟ್ಟು ಅದರ ಹಿಂದೆ. ಅವು ಹಾಲಿನ ಕಾಲಕ್ಕೆ ಒದಗುತ್ತವೆ. ಇವುಗಳಲ್ಲಿ ಸಸಾರಜನಕ ಕಣಕಿಗಿಂತ ಹೆಚ್ಚು. ಕುರಿ ಇಲ್ಲದ ರೈತರು ಸೋಯಾ ಹೊಟ್ಟನ್ನು ಹೊಲದ ಮೂಲೆಯಲ್ಲಿ ಸುಡುವುದನ್ನು ಕಂಡರೆ ಹೊಟ್ಟೆ ಉರಿಯುತ್ತದೆ. ಗೊಬ್ಬರಕ್ಕೆ ಹಿಂಡು ಕೂರಿಸುವ ಮಾತಾಡುವಾಗಲೇ ಹೊಟ್ಟಿನ ಮಾತೂ ಆಗಬೇಕು.

ಹೆಚ್ಚು ಹಾಕಿದರೂ ಕೇಡಿದೆ. ಜೋಳ ಕುಯ್ದ ಹೊಲದಲ್ಲಿ ಉದುರಿದ ಕಾಳನ್ನು ಹಸಿದ ಕುರಿ ಗಬಗಬ ತಿಂದರೆ ಮೆಲುಕುಚೀಲ ಹುಳಿಯಾಗಿ ರಾತ್ರಿಯೊಳಗೆ ಸಾಯಬಹುದು. ಕಾಳನ್ನು ಹಿಡಿಯಷ್ಟರಿಂದ ಶುರುಮಾಡಿ ವಾರ ಹತ್ತು ದಿನದಲ್ಲಿ ಏರಿಸಬೇಕು. ಕಬ್ಬಿನ ತುದಿಗರಿ ಪುಕ್ಕಟೆ ಸಿಗುತ್ತದೆಂದು ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ಅದರಲ್ಲಿನ ಆಕ್ಸಲೇಟ್ ಮೈಯ ಸುಣ್ಣವನ್ನು ಹಿಡಿದುಹಾಕುತ್ತದೆ, ಹಾಲು ಕೊಡುವ ತಾಯಿಗೆ ಅದು ದೊಡ್ಡ ಪೆಟ್ಟು. ಇನ್ನೂ ಬೆಳೆಯುತ್ತಿರುವ ಎಳೆಯ ಕುರಿಯ ಸಂಗತಿ ವಿಚಿತ್ರ. ಸ್ಕಾಟ್ಲೆಂಡಿನ ರೋವೆಟ್ ಸಂಸ್ಥೆಯಲ್ಲಿ ಜಾಕ್ವೆಲಿನ್ ವಾಲೇಸ್ ಮತ್ತು ಜೊತೆಗಾರರು ಕಂಡಂತೆ, ಎಳೆ ವಯಸ್ಸಿನಲ್ಲಿ ಗಬ್ಬ ಕಟ್ಟಿದ ಕುರಿಗೆ ಮೊದಲಿನಿಂದಲೇ ಅತಿಯಾಗಿ ಉಣಿಸಿದರೆ ಮೇವು ಅದರ ಮೈಗೇ ಹೋಗಿ, ಮಾಸು ಸಣ್ಣದಾಗಿ, ಮರಿ ಹಗುರವಾಗಿ ಹುಟ್ಟುತ್ತದೆ. ವರ್ಷ ತುಂಬದ ಹೆಣ್ಣುಮರಿಯನ್ನು ಟಗರಿನಿಂದ ದೂರ ಇಡುವುದೇ ಅದಕ್ಕೆ ಮದ್ದು. ಮತ್ತೆ, ಅವಳಿ ಹೊತ್ತ ಕುರಿ ಕೊನೆಯ ತಿಂಗಳಲ್ಲಿ ಮೇವು ಬಿಟ್ಟು, ತಲೆ ತಗ್ಗಿಸಿ ಒಂದೆಡೆ ನಿಂತು, ಕಣ್ಣು ಕಾಣದಂತೆ ತಡವರಿಸಿ, ಬಾಯಿಂದ ಸಿಹಿಯಾದ ಕೆಟ್ಟ ವಾಸನೆ ಬಂದರೆ, ಮೈಯ ಕೊಬ್ಬು ಮಿತಿ ಮೀರಿ ಕರಗಿ ವಿಷವಾಗುತ್ತಿದೆ ಎಂದು ತಿಳಿಯಬೇಕು. ಬೆಲ್ಲದ ನೀರು ಕುಡಿಸುತ್ತ ಅದೇ ದಿನ ವೈದ್ಯರನ್ನು ಕರೆಸಬೇಕು. ನಾಳೆ ನೋಡೋಣ ಎಂದರೆ ತಾಯಿಯೂ ಹೋಗುತ್ತದೆ, ಎರಡು ಮರಿಯೂ ಹೋಗುತ್ತವೆ.

ಅವಳಿಗಳ ಮಾತು ಇನ್ನು ಮುಂದೆ ಹೆಚ್ಚು ಬರಲಿದೆ. ದಖನಿ ಕುರಿ ಸಾಮಾನ್ಯವಾಗಿ ಈಯುವುದು ಒಂದೇ ಮರಿ. ಸಾತಾರಾ ಜಿಲ್ಲೆಯ ಫಲಟಣದಲ್ಲಿ ಬಿ. ವಿ. ನಿಂಬಕರ ಅವರು 1968ರಲ್ಲಿ ಕಟ್ಟಿದ ಕೃಷಿ ಸಂಶೋಧನಾ ಸಂಸ್ಥೆ, 1990ರ ದಶಕದಿಂದ ಸುಂದರಬನದ ಪುಟ್ಟ ಗರೋಲ್ ಕುರಿಯ ಅವಳಿ ಹೆರುವ ಜೀನನ್ನು ದಖನಿಗೆ ಇಳಿಸುವ ಕೆಲಸ ಮಾಡಿತು. ಚಂದಾ ನಿಂಬಕರ ಆ ಕೆಲಸದ ಮುಂದಾಳಾಗಿದ್ದರು. ‘ನಾರಿ ಸುವರ್ಣ’ ಎಂಬ ಆ ಕುರಿ ಕರ್ನಾಟಕದ ಶಿರಾ ಕಡೆಗೂ ಬಂದಿದೆ. ಅಂಥ ಹಿಂಡಿನಲ್ಲಿ ಎರಡು ಕುರಿಗೆ ಮೂರು ಮರಿಯಂತೆ ಬೀಳುತ್ತವೆ. ಒಳ್ಳೆಯ ಕೆಲಸ, ಸಂಶಯವಿಲ್ಲ. ಅವಳಿ ಹೊತ್ತ ತಾಯಿ ಒಂಟಿ ಮರಿಯ ತಾಯಿಗಿಂತ ಹೆಚ್ಚು ಹಾಲನ್ನೂ ಕೊಡುತ್ತದೆ, ಎರಡು ಪಟ್ಟು ಮಾತ್ರ ಕೊಡಲಾರದು. ತಾಯಿಗೆ ಹಾಕಲು ಮೇವಿಲ್ಲದ ಹಟ್ಟಿಗೆ ಈ ಜೀನು ಬಂದರೆ ಹೆಚ್ಚಾಗುವುದು ಸಾಯುವ ಮರಿಗಳ ಸಂಖ್ಯೆ. ತಳಿ ತರುವವರು ಮೊದಲು ಹೊಟ್ಟಿನ ಬಣವೆ ಒಟ್ಟಲಿ.

ಗಂಡುಮರಿ ಮೂರು ತಿಂಗಳಿಗೆ ಮಾರಿಹೋಗುತ್ತದೆ, ಹೆಣ್ಣುಮರಿ ಉಳಿಯುತ್ತದೆ. ತಾಯಿಯ ಹಸಿವಿನ ಗುರುತು ಅದರಲ್ಲಿ ವರ್ಷಗಟ್ಟಲೆ ಇರುತ್ತದೆ. ಸ್ಕಾಟ್ಲೆಂಡಿನ ಗುಡ್ಡಗಾಡಿನ ಕಪ್ಪುಮೋರೆಯ ಕುರಿಗಳ ಮೇಲೆ ಗನ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1995ರಲ್ಲಿ ಹೊರಬಂತು. ತಾಯಿಗೆ ಗಬ್ಬದ ಕೊನೆಯಲ್ಲಿ, ಹಾಲಿನ ಮೊದಲ ದಿನಗಳಲ್ಲಿ ಹೆಚ್ಚು ಮೇವು ಸಿಕ್ಕಿದ್ದ ಹೆಣ್ಣುಮರಿಗಳು ಬೆಳೆದು ತಾವೇ ತಾಯಿಯಾದಾಗ ಬದುಕಿನುದ್ದಕ್ಕೂ ಹೆಚ್ಚು ಮರಿ ಕೊಟ್ಟವು. ಉಣ್ಣೆಗೂ ಇದು ತಟ್ಟುತ್ತದೆ. ಬಸಿರಲ್ಲೂ ಎಳವೆಯಲ್ಲೂ ಹಸಿದ ಮೆರಿನೊ ಮರಿಗಳ ಚರ್ಮದಲ್ಲಿ ಉಣ್ಣೆ ಹುಟ್ಟುವ ಬೇರುಗಳೇ ಕಡಿಮೆ, ಮುಂದೆ ಅವು ತುಂಬಿಬರುವುದಿಲ್ಲ ಎಂದು ಆಸ್ಟ್ರೇಲಿಯಾದಲ್ಲಿ 1961ರಲ್ಲೇ ತೋರಿಸಿದ್ದರು. ಬರದ ವರ್ಷ ಹುಟ್ಟಿದ ಹೆಣ್ಣುಮರಿಗಳನ್ನೇ ಉಳಿಸಿಕೊಂಡು ಹಿಂಡು ಕಟ್ಟಿದವರು, ಮಳೆ ಬಂದ ಮೇಲೂ ಹಿಂಡು ಏಕೆ ಚೇತರಿಸಿಕೊಳ್ಳಲಿಲ್ಲ ಎಂದು ಕೇಳಿಕೊಳ್ಳುವಾಗ ಇದನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸರ್ಕಾರದ ಕೈಯಲ್ಲಿ ಇದಕ್ಕೆ ದಾರಿ ಇದೆ. ಪುಣೆಯಲ್ಲಿ ಕೇಂದ್ರವಿರುವ ಅಹಿಲ್ಯಾದೇವಿ ಹೆಸರಿನ ಕುರಿ-ಮೇಕೆ ಅಭಿವೃದ್ಧಿ ಮಹಾಮಂಡಳಕ್ಕೆ ಸಾಂಗೋಲೆ ತಾಲ್ಲೂಕಿನ ಮಹೂದದಲ್ಲಿ ಕುರಿ ಕ್ಷೇತ್ರವಿದೆ. ಯಶವಂತರಾವ ಹೋಳ್ಕರ ಹೆಸರಿನ ಮಹಾಮೇಷ ಯೋಜನೆಯಲ್ಲಿ 20 ಹೆಣ್ಣು ಕುರಿ, ಒಂದು ಟಗರಿನ ಘಟಕಕ್ಕೆ ನೂರಕ್ಕೆ 75ರಷ್ಟು ಸಹಾಯಧನ ಸಿಗುತ್ತದೆ. ಸಮತೋಲ ಆಹಾರಕ್ಕೂ ಅದರಲ್ಲಿ ನೆರವಿದೆ. ಆ ನೆರವು ವರ್ಷದ ಯಾವುದೋ ತಿಂಗಳಲ್ಲಿ ಬಂದರೆ ಹೊಟ್ಟೆ ತುಂಬುತ್ತದೆ, ಮರಿ ಬೆಳೆಯುವುದಿಲ್ಲ. ಆ ಚೀಲಗಳು ಘಟಸ್ಥಾಪನೆಯ ಮೊದಲು ಹಟ್ಟಿಗೆ ಮುಟ್ಟಬೇಕು. ಯಾವ ಕುರಿಗೆ, ಎಂದಿನಿಂದ, ಎಷ್ಟು ಎಂಬ ಚೀಟಿ ಅಕ್ಕಲಕೋಟ ತಾಲ್ಲೂಕಿನ ಊರುಗಳಿಗಾದರೂ ಕನ್ನಡದಲ್ಲಿ ಇರಬೇಕು, ದೊಡ್ಡಿಯಲ್ಲಿ ಮರಿ ನೋಡಿಕೊಳ್ಳುವ ಹೆಂಗಸರ ಕೈಗೆ ಸಿಗಬೇಕು. ಚೀಲ ಬರುವವರೆಗೆ ಕಾಯದೆ, ಈ ಸಲ ಉದ್ದು, ಸೋಯಾ ಒಕ್ಕುವಾಗ ಹೊಟ್ಟನ್ನು ಮಳೆ ತಾಗದ ಕಡೆ ತುಂಬಿಟ್ಟುಕೊಂಡರೆ ಬರುವ ನವೆಂಬರಿನ ಮರಿಗಳಿಗೇ ಅದು ಒದಗುತ್ತದೆ.